ಹಾಜರಿ ಪುಸ್ತಕ ಮತ್ತು ಸಾಲದ ಪುಸ್ತಕ: ಅಪರಾಧ ತಡೆಯ ಬಗ್ಗೆ ಗದಗ-ಬೆಟಗೇರಿ ಕಲಿಸುವ ಪಾಠ

ಮನುಷ್ಯ ಕಳವಿಗೆ, ಹಲ್ಲೆಗೆ, ಕೊಲೆಗೆ ಏಕೆ ಇಳಿಯುತ್ತಾನೆ ಎಂಬ ಪ್ರಶ್ನೆಗೆ ಸಮಾಜಶಾಸ್ತ್ರ ಕೊಟ್ಟಿರುವ ಉತ್ತರಗಳಲ್ಲಿ ಒಂದು ಬಗೆಯವು ಬಡತನ, ಅಸಮಾನತೆ ಮತ್ತು ಶೋಷಣೆಯತ್ತ ಬೆರಳು ತೋರಿಸಿದರೆ, ಇನ್ನೊಂದು ಬಗೆಯವು ಕುಟುಂಬದ ಹಿಡಿತ ಸಡಿಲಾಗುವುದನ್ನು, ಹಿರಿಯರ ಅಂಕೆ ತಪ್ಪುವುದನ್ನು, ಶಿಕ್ಷೆಯ ಭಯ ಕರಗುವುದನ್ನು ಮುಂದೆ ಮಾಡುತ್ತವೆ. ಈ ಎರಡನೆಯ ಬಗೆಯನ್ನೇ ಅಪರಾಧದ ಸಂಪ್ರದಾಯನಿಷ್ಠ ವಿವರಣೆ ಎಂದು ಕರೆಯಲಾಗುತ್ತದೆ. ಮನುಷ್ಯನಿಗೆ ಆಸೆ ಸಹಜ, ಅದಕ್ಕೆ ಲಗಾಮು ಹಾಕುವುದು ಸಮಾಜದ ಕೆಲಸ, ಆ ಲಗಾಮು ಸಡಿಲವಾದಲ್ಲಿ ಅಪರಾಧ ಹೆಚ್ಚುತ್ತದೆ ಎಂಬುದು ಅದರ ತಿರುಳು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ದಾರಿ ತಪ್ಪಿದ ಹುಡುಗನನ್ನು ಕುರಿತು ‘ಅವಗ ಹೇಳೋರು ಕೇಳೋರು ಯಾರೂ ಇಲ್ಲ’ ಎನ್ನುವಾಗ ಜನ ಹೇಳುವುದೂ ಬಹುಮಟ್ಟಿಗೆ ಇದನ್ನೇ.

ಈ ಚಿಂತನೆಗೆ ಬುನಾದಿ ಹಾಕಿದವನು ಫ್ರಾನ್ಸಿನ ಎಮಿಲ್ ಡರ್ಕೈಮ್. ಸಮಾಜದ ಕಟ್ಟಳೆಗಳು ವ್ಯಕ್ತಿಯ ಆಸೆಗಳಿಗೆ ಮಿತಿ ಹಾಕಲಾರದೆ ಹೋಗುವ ಸ್ಥಿತಿಯನ್ನು ಆತ ‘ಅನೋಮಿ’, ಅಂದರೆ ನಿಯಮಶೂನ್ಯತೆ, ಎಂದು ಹೆಸರಿಸಿ 1897ರ ತನ್ನ ಆತ್ಮಹತ್ಯೆಯ ಅಧ್ಯಯನದಲ್ಲಿ ವಿವರಿಸಿದ. 1969ರಲ್ಲಿ ಅಮೆರಿಕದ ಟ್ರಾವಿಸ್ ಹಿರ್ಶಿ ಪ್ರಶ್ನೆಯನ್ನೇ ತಿರುಗಿಸಿ, ಬಹುತೇಕ ಜನ ಅಪರಾಧ ಮಾಡದೆ ಇರುವುದೇಕೆ ಎಂದು ಕೇಳಿ, ಅವರನ್ನು ಹಿಡಿದಿಡುವ ನಾಲ್ಕು ಕಟ್ಟುಗಳನ್ನು ಗುರುತಿಸಿದ: ತಂದೆತಾಯಿ, ಗುರುಹಿರಿಯರ ಮೇಲಿನ ಅಕ್ಕರೆ, ಕಳೆದುಕೊಳ್ಳಬಾರದೆನ್ನಿಸುವ ಓದು ಅಥವಾ ಉದ್ಯೋಗ, ಪುರುಸೊತ್ತು ಕೊಡದ ದುಡಿಮೆ, ಮತ್ತು ನಿಯಮ ಸರಿಯಾದದ್ದು ಎಂಬ ನಂಬಿಕೆ. ಬೆಟಗೇರಿಯ ನೇಕಾರರ ಮನೆಯಲ್ಲಿ ತಂದೆ ಕುಣಿಮಗ್ಗಕ್ಕೆ ಕೂತು, ತಾಯಿ ಕಂಡಿಕೆ ಸುತ್ತಿ, ಶಾಲೆಯಿಂದ ಬಂದ ಮಗ ನೂಲಿಗೆ ಕೈಜೋಡಿಸುವ ದಿನಚರಿಯಲ್ಲಿ ಈ ನಾಲ್ಕೂ ಕಟ್ಟುಗಳು ಒಂದೇ ಸೂರಿನಡಿ ಹೆಣೆದುಕೊಂಡಿರುವುದನ್ನು ಕಾಣಬಹುದು.

ಇದೇ ಜಾಡಿನಲ್ಲಿ 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಅವರು ಕದಿಯುವ ಮನಸ್ಸು, ಕದಿಯಲು ತಕ್ಕ ವಸ್ತು ಮತ್ತು ಕಾವಲಿನ ಕೊರತೆ ಒಂದೆಡೆ ಕೂಡಿದಾಗ ಅಪರಾಧ ನಡೆಯುತ್ತದೆ ಎಂದರು. 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಅವರು, ಒಡೆದ ಒಂದು ಕಿಟಕಿಯನ್ನು ದುರಸ್ತಿ ಮಾಡದೆ ಬಿಟ್ಟರೆ ಇಲ್ಲಿ ಯಾರೂ ಹೇಳುವವರಿಲ್ಲ ಎಂಬ ಸಂದೇಶ ಹೊರಟು ಉಳಿದ ಕಿಟಕಿಗಳೂ ಒಡೆಯುತ್ತವೆ, ಆದ್ದರಿಂದ ಸಣ್ಣ ಅಶಿಸ್ತನ್ನು ಮೊದಲೇ ಹತ್ತಿಕ್ಕಬೇಕು ಎಂದು ವಾದಿಸಿದರು. 1990ರ ದಶಕದ ನ್ಯೂಯಾರ್ಕ್ ಪೊಲೀಸರು ಇದನ್ನು ಕಾರ್ಯರೂಪಕ್ಕೆ ತಂದ ಅವಧಿಯಲ್ಲಿ ಅಲ್ಲಿನ ಕೊಲೆಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಆದರೆ ಇಂಥ ನೀತಿಯನ್ನು ಅನುಸರಿಸದ ಅಮೆರಿಕದ ಬೇರೆ ನಗರಗಳಲ್ಲೂ ಅದೇ ಕಾಲಕ್ಕೆ ಅಪರಾಧ ತಗ್ಗಿತ್ತು. ಬೀದಿಯಲ್ಲಿ ತಡೆದು ತಪಾಸಿಸುವ ನ್ಯೂಯಾರ್ಕ್ ಪೊಲೀಸರ ಕ್ರಮ ನಡೆಯುತ್ತಿದ್ದ ರೀತಿ ಸಂವಿಧಾನಬಾಹಿರವೆಂದು 2013ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು.

ಅಂಕೆ, ದುಡಿಮೆ ಮತ್ತು ಕಾವಲಿನಿಂದ ಅಪರಾಧವನ್ನು ತಡೆಯಬಹುದೆಂಬ ನಂಬಿಕೆಯ ಅತಿ ಕಠಿಣ ಪ್ರಯೋಗವನ್ನು ನೋಡಲು ನ್ಯೂಯಾರ್ಕಿಗೆ ಹೋಗಬೇಕಿಲ್ಲ. ಬೆಟಗೇರಿಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬ ಹೆಸರಿನ ಪ್ರದೇಶವಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ 1911ರ ತಿದ್ದುಪಡಿಯ ನಂತರ ಮುಂಬಯಿ ಪ್ರಾಂತ್ಯಕ್ಕೂ ಅನ್ವಯವಾಗಿ, ವಿಜಯಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮೊದಲಾದೆಡೆ ಕಾಯ್ದೆಯಡಿ ಹೆಸರಿಸಿದ ಸಮುದಾಯಗಳನ್ನು ಇರಿಸುವ ಇಂಥ ವಸಾಹತುಗಳು, ಅಂದರೆ ಸೆಟ್ಲಮೆಂಟುಗಳು, ಎದ್ದವು. ಬಡಗಿಯ ಮಗ ಬಡಗಿಯಾಗುವ ಜಾತಿಪದ್ಧತಿಯ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಈ ಕಾಯ್ದೆಯ ಹಿಂದಿನ ತರ್ಕವಾಗಿತ್ತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಊರೂರು ತಿರುಗುತ್ತಿದ್ದ ಹಲವು ಅಲೆಮಾರಿ ಸಮುದಾಯಗಳ ಕಸುಬನ್ನು ರೈಲು ಕಸಿದದ್ದು, ಕಾಡಿನ ಕಾನೂನುಗಳು ಅವರ ಮೇವು-ಸೌದೆಗೆ ಅಡ್ಡಬಂದದ್ದು ಆ ತರ್ಕದ ಲೆಕ್ಕಕ್ಕೆ ಬರಲಿಲ್ಲ.

ಸಮುದಾಯದ ಹೆಸರು ಸರ್ಕಾರದ ಅಧಿಸೂಚನೆಯಲ್ಲಿ ಬಂದರೆ ಸಾಕು, ಯಾವ ತಪ್ಪನ್ನೂ ಮಾಡದ ವ್ಯಕ್ತಿಯೂ ಬೆರಳಚ್ಚು ಕೊಟ್ಟು, ಗೊತ್ತಾದ ಹೊತ್ತಿಗೆ ಹಾಜರಿ ಹೇಳಿ, ಹೊರಗೆ ಹೋಗಬೇಕಾದರೆ ಪಾಸು ಪಡೆಯಬೇಕಾಗುತ್ತಿತ್ತು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಕೈಗಾರಿಕಾ ಶಾಲೆಗೆ ಸೇರಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಮುಂಬಯಿ ಪ್ರಾಂತ್ಯದ ವಸಾಹತುಗಳ ಹೊಣೆ ಹೊತ್ತಿದ್ದ ಐಸಿಎಸ್ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್ ಅವರಿಗೆ ಶಿಕ್ಷೆಗಿಂತ ಸುಧಾರಣೆಯಲ್ಲಿ ನಂಬಿಕೆಯಿತ್ತು. ವಸಾಹತುಗಳಲ್ಲಿ ಶಾಲೆಗಳು ತೆರೆದವು, ವಯಸ್ಕರಿಗೆ ಗಿರಣಿಗಳಲ್ಲಿ, ರೈಲ್ವೆಯಲ್ಲಿ ಕೆಲಸ ದೊರೆಯಿತು, ನಡತೆ ಒಳ್ಳೆಯದೆನಿಸಿದವರನ್ನು ಬೇಲಿಯ ಹೊರಗಿನ ‘ಮುಕ್ತ ಕಾಲೋನಿ’ಗೆ ಕಳಿಸುವ ಪದ್ಧತಿಯೂ ಬಂತು. ಆದರೂ ಹಿರ್ಶಿ ಹೇಳುವ ಕಟ್ಟುಗಳ ಪೈಕಿ ದುಡಿಮೆಯೊಂದನ್ನು ಬಲವಂತದಿಂದ ಕೊಟ್ಟ ಈ ವ್ಯವಸ್ಥೆ, ಮಕ್ಕಳನ್ನು ಬೇರ್ಪಡಿಸುವ ಮೂಲಕ ಅಕ್ಕರೆಯ ಕಟ್ಟಿಗೂ, ತಪ್ಪು ಮಾಡದವರನ್ನೂ ಹಾಜರಿಗೆ ನಿಲ್ಲಿಸುವ ಮೂಲಕ ನಿಯಮದ ಮೇಲಿನ ನಂಬಿಕೆಗೂ ಕತ್ತರಿ ಹಾಕಿತು. ನೆಟ್ಟಗೆ ನಡೆದರೂ ಹೆಸರು ಅಳಿಯದಿದ್ದಾಗ ನೆಟ್ಟಗೆ ನಡೆಯುವುದರಿಂದ ಉಳಿಸಿಕೊಳ್ಳುವಂಥದ್ದು ಬಹಳವೇನೂ ಇರಲಿಲ್ಲ.

ಗದಗ ತಾಲ್ಲೂಕಿನಲ್ಲೇ, ಇದೇ ಕಾಲಘಟ್ಟದಲ್ಲಿ, ಸೆಟ್ಲಮೆಂಟಿನ ಹಾಜರಿ ಪುಸ್ತಕಕ್ಕಿಂತ ಬೇರೆಯಾದ ಇನ್ನೊಂದು ಬಗೆಯ ಪುಸ್ತಕ, ಸಾಲದ ಪುಸ್ತಕ, ತೆರೆದಿತ್ತು. 1904ರ ಸಹಕಾರಿ ಸಾಲ ಸಂಘಗಳ ಕಾಯ್ದೆಯಡಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಕೃಷಿ ಸಹಕಾರಿ ಸಂಘವು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಮನ್ನಣೆ ಪಡೆದಿದೆ. ಆ ಕಾಯ್ದೆಯಂತೆ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು, ಅಂದರೆ ಒಬ್ಬ ಸಾಲ ಮುಳುಗಿಸಿದರೆ ಅದರ ಭಾರ ಉಳಿದವರ ಮೇಲೆ ಬೀಳುತ್ತಿತ್ತು. ಹೀಗಾಗಿ ಸದಸ್ಯರು ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಲೇಬೇಕಿತ್ತು: ಸಾಲದ ಹಣ ಬಿತ್ತನೆಗೆ ಹೋಯಿತೋ ಜೂಜಿಗೆ ಹೋಯಿತೋ ಎಂಬುದು ನೆರೆಯವನಿಗೂ ಸಂಬಂಧಿಸಿದ ಸಂಗತಿಯಾಗಿತ್ತು. ಇಲ್ಲಿಯೂ ಇದ್ದದ್ದು ಕಾವಲೇ, ಅಂಕೆಯೇ. ಆದರೆ ಇದರಲ್ಲಿ ಹೆಸರು ಬರೆಸಲು ಜನ ತಾವಾಗಿ ಬಂದರು, ಮಾತು ಉಳಿಸಿಕೊಂಡವನಿಗೆ ಮತ್ತೆ ಸಾಲ ಸಿಗುತ್ತಿತ್ತು, ಕಾಯುವವನೂ ಕಾಯಿಸಿಕೊಳ್ಳುವವನೂ ಒಂದೇ ಪುಸ್ತಕದ ಪುಟದಲ್ಲಿದ್ದರು. ಸೆಟ್ಲಮೆಂಟಿನ ಹಾಜರಿ ಪುಸ್ತಕದಲ್ಲಿ ಕಾಯುವವನ ಹೆಸರು ಎಂದೂ ಇರಲಿಲ್ಲ.

ಸಂಪ್ರದಾಯನಿಷ್ಠ ವಿವರಣೆಯ ಬಲವೂ ದೌರ್ಬಲ್ಯವೂ ಈ ಎರಡು ಪುಸ್ತಕಗಳ ನಡುವೆ ಇವೆ. ಸಡಿಲ ಕಟ್ಟು ಅಪರಾಧಕ್ಕೆ ಎಡೆಮಾಡುತ್ತದೆ ಎಂಬ ಅದರ ನೋಟ ಸುಳ್ಳಲ್ಲ. ಆದರೆ ಕನ್ನಡದಲ್ಲಿ ಕಟ್ಟುಪಾಡು ಬೇರೆ, ಕಟ್ಟಿಹಾಕುವುದು ಬೇರೆ. ಮೊದಲನೆಯದು ಬದುಕುವವರೇ ಒಪ್ಪಿ ನಡೆಸುವ ಅಂಕೆ. ಎರಡನೆಯದು ಹೊರಗಿನವನು ಹಾಕುವ ಹಗ್ಗ. ಅಪರಾಧಿ ಬುಡಕಟ್ಟು ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಗಿ ಆ ಸಮುದಾಯಗಳು ‘ವಿಮುಕ್ತ’ ಎನಿಸಿಕೊಂಡರೂ, ರಾಜ್ಯಗಳು ರೂಢಿಗತ ಅಪರಾಧಿ ಕಾಯ್ದೆಗಳನ್ನು ತಂದವು. ಕರ್ನಾಟಕದ ಕಾಯ್ದೆ 1961ರದು. ಹೊಸ ಕಾಯ್ದೆಗಳು ಜಾತಿಯನ್ನು ಬಿಟ್ಟು ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ಆಧಾರವಾಗಿಟ್ಟುಕೊಂಡರೂ ಹಳೆಯ ಶಂಕೆ ಅಳಿಯಲಿಲ್ಲ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ 2024ರ ಅಕ್ಟೋಬರ್ 3ರ ತೀರ್ಪು ಸಾಕ್ಷಿ: ಜೈಲು ಕೈಪಿಡಿಗಳ ಜಾತಿ ಆಧಾರಿತ ನಿಯಮಗಳನ್ನು ಅಸಿಂಧುಗೊಳಿಸಿದ ಅದು, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸದಂತೆ ಪೊಲೀಸರಿಗೂ ಎಚ್ಚರಿಕೆ ಕೊಟ್ಟಿತು.

ಅಪರಾಧ ತಡೆಗೆ ಬೀಟ್ ಪೊಲೀಸ್, ಬೀದಿದೀಪ, ಸಿಸಿಟಿವಿ ಕ್ಯಾಮೆರಾ, ರೌಡಿ ಪಟ್ಟಿ, ಗಡೀಪಾರು ಎಂಬ ಸಾಧನಗಳನ್ನು ಹಿಡಿದಿರುವ ಇಂದಿನ ಆಡಳಿತಕ್ಕೂ ಇದರಿಂದ ಒಂದು ಅಳತೆಗೋಲು ದೊರೆಯುತ್ತದೆ. ಬೀದಿದೀಪ ಎಲ್ಲರಿಗೂ ಬೆಳಕು ಕೊಡುತ್ತದೆ, ಓಣಿಯ ಹೆಸರುಗಳನ್ನು ಬಲ್ಲ ಬೀಟ್ ಪೇದೆ ಹೇಳುವವನೂ ಕೇಳುವವನೂ ಆಗಬಲ್ಲ. ಒಮ್ಮೆ ಸೇರಿದ ಹೆಸರನ್ನು ಹೊರಗೆ ಬಿಡದ ಪಟ್ಟಿ ಮಾತ್ರ ಹಳೆಯ ಹಾಜರಿ ಪುಸ್ತಕದ ಮುಂದಿನ ಪುಟವಾಗುತ್ತದೆ. ಕಳೆದುಕೊಳ್ಳಲು ಏನಾದರೂ ಇರುವವನು ಮಾತ್ರ ಕಳೆದುಕೊಳ್ಳಲು ಹೆದರುತ್ತಾನೆ ಎಂಬುದು ಸಂಪ್ರದಾಯನಿಷ್ಠರದೇ ಮಾತು. ಆ ‘ಏನಾದರೂ’ ಪ್ರತಿಯೊಬ್ಬರ ಕೈಯಲ್ಲಿ ಇರುವಂತೆ ನೋಡಿಕೊಳ್ಳುವುದು, ಅಂದರೆ ಶಾಲೆಯ ಹಲಗೆ, ಮಗ್ಗದ ಲಾಳಿ, ಸಂಘದ ಸಾಲ ಎಲ್ಲ ಓಣಿಗೂ ತಲುಪುವಂತೆ ಮಾಡುವುದು, ಅವರದೇ ತರ್ಕದ ಪ್ರಕಾರ ಅಪರಾಧ ತಡೆಯ ಮೊದಲ ಕೆಲಸವಾಗುತ್ತದೆ.