ಪಾಳ್ಯ ಪರಿಸರದಲ್ಲಿ ಮಕ್ಕಳೊಂದಿಗೆ ಐತಿಹಾಸಿಕ ಪ್ರವಾಸ

ಪಾಳ್ಯವು ಹಾಸನ ಜಿಲ್ಲೆಯ ಆಲೂರು ತಾಲೂಕಿನ ಒಂದು ಊರು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ, ಹಾಸನ ಮತ್ತು ಸಕಲೇಶಪುರಗಳ ನಡುವೆ, ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಅಂಚಿನಲ್ಲಿದೆ. ಇದರ ಪಶ್ಚಿಮಕ್ಕೆ ಮಂಜರಾಬಾದ್ ಕೋಟೆ, ಉತ್ತರದ ಕಡೆಗೆ ಬೇಲೂರು ಮತ್ತು ಹಳೇಬೀಡು, ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಇವೆ. ಮಕ್ಕಳಿರುವ ಕುಟುಂಬಗಳು ಇವುಗಳನ್ನು ಒಂದೊಂದು ದಿನದಲ್ಲಿ ನೋಡಿ ಹಿಂತಿರುಗಬಹುದು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಪ್ರವಾಸಗಳೂ ನಡೆಯುತ್ತವೆ; ಅಂತಹ ಪ್ರವಾಸದಲ್ಲಿ ಮಕ್ಕಳು ನೋಡುವುದು ಹೆಚ್ಚಾಗಿ ವಾಹನದ ಕಿಟಕಿಯನ್ನು.

ಈ ಪ್ರದೇಶಕ್ಕೆ ಒಂದು ವಿಶೇಷವಿದೆ. ನಕ್ಷತ್ರಾಕಾರದ ಎರಡು ಬಗೆಯ ಕಟ್ಟಡಗಳು ಇಲ್ಲಿವೆ. ಒಂದು ಫಿರಂಗಿಗಾಗಿ ಕಟ್ಟಿದ್ದು, ಇನ್ನೊಂದು ಶಿಲ್ಪಕ್ಕಾಗಿ. ಈ ಎರಡನ್ನೂ ಹೋಲಿಸಿ ನೋಡುವ ಅವಕಾಶ ಮಕ್ಕಳಿಗೆ ಬೇರೆಡೆ ಸುಲಭವಾಗಿ ದೊರೆಯದು.

ಮಂಜರಾಬಾದ್ ಕೋಟೆ

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಸುಮಾರು ೬ ಕಿ.ಮೀ. ದೂರದಲ್ಲಿ, ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಈ ಕೋಟೆಯಿದೆ. ಸಮುದ್ರಮಟ್ಟದಿಂದ ಸುಮಾರು ೯೮೮ ಮೀಟರ್ ಎತ್ತರದಲ್ಲಿರುವ ಇದನ್ನು ಟಿಪ್ಪು ಸುಲ್ತಾನನು ಕಟ್ಟಿಸಿದನು. ೧೭೯೨ರಲ್ಲಿ ಇದು ಪೂರ್ಣಗೊಂಡಿತು. ಕರಾವಳಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಘಟ್ಟದ ದಾರಿಯನ್ನು ಕಾಯುವುದು ಇದರ ಉದ್ದೇಶವಾಗಿತ್ತು. ಕೋಟೆಯನ್ನು ನೋಡಲು ಬಂದ ಸುಲ್ತಾನನಿಗೆ ಎಲ್ಲೆಡೆ ಮಂಜು ಕವಿದಿದ್ದುದು ಕಂಡು ಈ ಹೆಸರು ಬಂದಿತೆಂಬ ಕಥೆ ಪ್ರಚಲಿತವಾಗಿದೆ. ಹಿಂದೆ ಸಕಲೇಶಪುರ ತಾಲೂಕನ್ನೇ ಮಂಜರಾಬಾದ್ ತಾಲೂಕು ಎಂದು ಕರೆಯುತ್ತಿದ್ದರು.

ಕೋಟೆಗೆ ಎಂಟು ಮೂಲೆಗಳಿವೆ. ಆದರೆ ಒಳಗೆ ನಿಂತವರಿಗೆ ನಕ್ಷತ್ರವು ಕಾಣುವುದಿಲ್ಲ. ಅದು ತಿಳಿಯುವುದು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಮಾತ್ರ. ಚಿತ್ರವನ್ನು ಮೊದಲೇ ನೋಡಿ ಬಂದ ಮಕ್ಕಳು ಇಲ್ಲಿ ನಿರಾಶೆಗೊಳ್ಳುವುದುಂಟು. ಆದ್ದರಿಂದ ಚಿತ್ರವನ್ನು ಕೊನೆಗೆ ತೋರಿಸುವುದು ಮೇಲು. ಗೋಡೆಯ ಒಳಬದಿಯ ನೆಲದಲ್ಲಿ ಸುತ್ತು ಹಾಕುತ್ತಾ, ಗೋಡೆ ಎಡಕ್ಕೆ ತಿರುಗಿದಾಗಲೂ ಬಲಕ್ಕೆ ತಿರುಗಿದಾಗಲೂ ಕಾಗದದ ಮೇಲೆ ಗೆರೆ ಎಳೆಯಲು ಹೇಳಬೇಕು. ನೇರ ಭಾಗಗಳನ್ನು ಹೆಜ್ಜೆಗಳಿಂದ ಅಳೆಯಬಹುದು. ಸುತ್ತು ಮುಗಿದಾಗ ಕಾಗದದ ಮೇಲೆ ಸೊಟ್ಟಗಿನ ನಕ್ಷತ್ರವೊಂದು ಮೂಡಿರುತ್ತದೆ. ಅದನ್ನು ಉಪಗ್ರಹ ಚಿತ್ರದೊಡನೆ ಹೋಲಿಸಿದಾಗ, ತಾವು ನಡೆದದ್ದು ಯಾವ ಆಕಾರದ ಮೇಲೆ ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಈ ಆಕಾರ ಅಲಂಕಾರಕ್ಕಾಗಿ ಬಂದುದಲ್ಲ. ದುಂಡಗಿನ ಬುರುಜಿನ ಬುಡದಲ್ಲಿ, ಮೇಲಿನ ಕಾವಲುಗಾರರಿಗೆ ಕಾಣದ ಒಂದು ಮೂಲೆ ಉಳಿಯುತ್ತದೆ. ಶತ್ರು ಅಲ್ಲಿ ಅಡಗಬಹುದು. ಬುರುಜನ್ನು ಚೂಪಾಗಿಸಿ ಹೊರಚಾಚಿದರೆ, ಒಂದರ ಬುಡವನ್ನು ಪಕ್ಕದ ಇನ್ನೊಂದರಿಂದ ನೋಡಬಹುದು. ಹೀಗೆ ಪ್ರತಿಯೊಂದು ಮೂಲೆಯೂ ನೆರೆಯ ಮೂಲೆಯನ್ನು ಕಾಯುತ್ತದೆ. ಗೋಡೆಯ ಬಂದೂಕಿನ ಕಂಡಿಗಳಲ್ಲಿ ಇಣುಕಿ, ಯಾವ ಕಂಡಿಯಿಂದ ಎಷ್ಟು ಕಾಣುತ್ತದೆ ಎಂದು ಹುಡುಕುವುದು ಮಕ್ಕಳಿಗೆ ಕಣ್ಣಾಮುಚ್ಚಾಲೆಯಷ್ಟೇ ಇಷ್ಟದ ಆಟ.

ಇಂತಹ ಕೋಟೆಗಳು ಫಿರಂಗಿಯ ಕಾಲದ ಇಟಲಿಯಲ್ಲಿ ರೂಪುಗೊಂಡವು. ವೆನಿಸ್ ಗಣರಾಜ್ಯವು ೧೫೯೩ರಲ್ಲಿ ಸ್ಥಾಪಿಸಿದ ಪಾಲ್ಮನೋವಾ ಎಂಬ ಇಡೀ ನಗರವೇ ಒಂಬತ್ತು ಮೂಲೆಗಳ ನಕ್ಷತ್ರವಾಗಿದೆ. ಫ್ರಾನ್ಸಿನ ಸೇನಾ ಎಂಜಿನಿಯರ್ ವೊಬಾನ್ (೧೬೩೩–೧೭೦೭) ಈ ಶಾಸ್ತ್ರವನ್ನು ಬೆಳೆಸಿದನು. ಟಿಪ್ಪುವಿಗೆ ಫ್ರೆಂಚರೊಡನೆ ಇದ್ದ ಮೈತ್ರಿಯ ಗುರುತು ಮಂಜರಾಬಾದಿನ ವಿನ್ಯಾಸದಲ್ಲಿದೆ.

ಕೋಟೆಯ ನಡುವೆ ಮೆಟ್ಟಿಲುಗಳುಳ್ಳ ಕೊಳವಿದೆ. ಇದರ ಆಕಾರ ಗಣಿತದ ಕೂಡುವ ಚಿಹ್ನೆಯಂತೆ. ಸಮೀಪದಲ್ಲಿ ಮದ್ದುಗುಂಡು ಇಡುತ್ತಿದ್ದ ನೆಲಮಾಳಿಗೆಗಳಿವೆ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ ಎಂಬ ಮಾತನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಸುರಂಗಕ್ಕೆ ಎಷ್ಟು ಮಣ್ಣು ತೆಗೆಯಬೇಕು, ಗಾಳಿ ಎಲ್ಲಿಂದ ಬರಬೇಕು, ಹೇಮಾವತಿ ನದಿಯನ್ನು ದಾಟುವುದು ಹೇಗೆ ಎಂದು ಮಕ್ಕಳನ್ನೇ ಕೇಳಿದರೆ ಉತ್ತರ ಅವರಿಂದಲೇ ಬರುತ್ತದೆ.

೧೭೯೨ ಎಂಬ ವರ್ಷಕ್ಕೆ ಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಘಟನೆಯುಂಟು. ಮೂರನೆಯ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು, ಆ ವರ್ಷದ ಶ್ರೀರಂಗಪಟ್ಟಣ ಒಪ್ಪಂದದಂತೆ ತನ್ನ ರಾಜ್ಯದ ಸುಮಾರು ಅರ್ಧಭಾಗವನ್ನು ಬಿಟ್ಟುಕೊಟ್ಟನು. ತನ್ನ ಇಬ್ಬರು ಎಳೆಯ ಪುತ್ರರಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಿದನು. ಅವರನ್ನು ಮದರಾಸಿಗೆ ಕರೆದೊಯ್ಯಲಾಯಿತು. ೧೭೯೪ರಲ್ಲಿ ಅವರು ಮರಳಿದರು. ತಮ್ಮದೇ ವಯಸ್ಸಿನವರ ಈ ಸಂಗತಿಯನ್ನು ಮಕ್ಕಳು ಒಪ್ಪಂದದ ಷರತ್ತುಗಳಿಗಿಂತ ಹೆಚ್ಚು ಕಾಲ ನೆನಪಿಡುತ್ತಾರೆ.

ಬೇಲೂರು ಮತ್ತು ಹಳೇಬೀಡು

ಸಕಲೇಶಪುರದಿಂದ ಬೇಲೂರಿಗೆ ಸುಮಾರು ೩೫ ಕಿ.ಮೀ.; ಅಲ್ಲಿಂದ ಹಳೇಬೀಡಿಗೆ ೧೬ ಕಿ.ಮೀ. ಬೇಲೂರಿನ ಚೆನ್ನಕೇಶವ ದೇವಾಲಯವು ೧೧೧೭ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡಿತು. ೨೦೨೩ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಇಲ್ಲಿನ ಜಗತಿಯ ಅಂಚು ಮೂಲೆಮೂಲೆಯಾಗಿ ಮುರಿಯುತ್ತಾ ಸಾಗುತ್ತದೆ. ಕೋಟೆಯನ್ನು ನೋಡಿಬಂದ ಮಗುವಿಗೆ ಈ ಮೂಲೆಗಳು ಏತಕ್ಕೆ ಎಂಬ ಪ್ರಶ್ನೆ ಸಹಜ. ಗೋಡೆ ಹೆಚ್ಚು ಬಾರಿ ಮಡಿಚಿಕೊಂಡಷ್ಟೂ ಶಿಲ್ಪಕ್ಕೆ ಹೆಚ್ಚು ಜಾಗ ದೊರೆಯುತ್ತದೆ. ನೆರಳು ಬೆಳಕಿನ ಆಟವೂ ಹೆಚ್ಚುತ್ತದೆ. ಕೋಟೆಯಲ್ಲಿ ಮೂಲೆಗಳು ನೆರಳನ್ನು ಅಳಿಸಲು ಇದ್ದರೆ, ಇಲ್ಲಿ ನೆರಳನ್ನು ಸೃಷ್ಟಿಸಲು ಇವೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಳಗಿನ ಪಟ್ಟಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳಿವೆ, ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಪಟ್ಟಿಕೆಯು ಪುಟ್ಟ ಮಕ್ಕಳ ಕಣ್ಣಿನ ಎತ್ತರಕ್ಕೆ ಸಮೀಪದಲ್ಲಿರುವುದರಿಂದ, ಈ ಮಾತನ್ನು ಪರೀಕ್ಷಿಸಲು ಅವರೇ ಸೂಕ್ತರು. ಒಂದು ಗೋಡೆಯನ್ನು ಆರಿಸಿಕೊಂಡು ಸೊಂಡಿಲು, ಕಾಲು, ಅಲಂಕಾರಗಳ ವ್ಯತ್ಯಾಸವನ್ನು ಬರೆದುಕೊಂಡರೆ ಒಂದು ಗಂಟೆ ಕಳೆದುದೇ ತಿಳಿಯದು. ಕಟ್ಟಡದ ಕಲ್ಲನ್ನು ಬಳಪದ ಕಲ್ಲು ಎನ್ನುತ್ತಾರೆ. ಸ್ಲೇಟಿನ ಮೇಲೆ ಬರೆಯುವ ಬಳಪವೂ ಇದೇ ಜಾತಿಯದು. ಅಷ್ಟು ಮೃದುವಾದ್ದರಿಂದಲೇ ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು; ಅದೇ ಕಾರಣದಿಂದ ಕೀಲಿಕೈಯ ಒಂದು ಗೀರೂ ಇಲ್ಲಿ ಅಳಿಯದೆ ಉಳಿಯುತ್ತದೆ. ಪಾದರಕ್ಷೆಯನ್ನು ಹೊರಗೆ ಬಿಡಬೇಕಾದ್ದರಿಂದ ಬೇಸಿಗೆಯ ಮಧ್ಯಾಹ್ನ ಮಕ್ಕಳ ಕಾಲಿಗೆ ಹಾಸುಗಲ್ಲು ಸುಡುತ್ತದೆ. ಬೆಳಗಿನ ಹೊತ್ತು ಅನುಕೂಲ.

ಶೆಟ್ಟಿಹಳ್ಳಿ

ಫ್ರೆಂಚ್ ಮಿಷನರಿಗಳು ೧೮೬೦ರ ದಶಕದಲ್ಲಿ ಕಟ್ಟಿದ ಈ ಚರ್ಚು, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಮೇಲೇಳುತ್ತದೆ. ಗೋಡೆಗಳು ಶಿಥಿಲವಾಗಿವೆ. ಮಕ್ಕಳನ್ನು ಒಳಗೆ ಬಿಡದೆ ದೂರದಿಂದ ತೋರಿಸಬೇಕು. ಚಿತ್ರ ಬರೆಯಲು ದೂರವೇ ಚೆನ್ನ.

ಸುರಕ್ಷತೆ ಮತ್ತು ಪ್ರಯಾಣ

ಮಂಜರಾಬಾದಿಗೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಬೇಕು. ಮಳೆಗಾಲದಲ್ಲಿ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ. ಗೋಡೆಯ ಮೇಲಿನ ದಾರಿಗೆ ಪುಟ್ಟ ಮಕ್ಕಳನ್ನು ಹತ್ತಿಸಬಾರದು. ಕೊಳದ ಬಳಿ ಅವರ ಕೈ ಹಿಡಿದಿರಬೇಕು.

ಆಲೂರು ಮತ್ತು ಸಕಲೇಶಪುರ ತಾಲೂಕುಗಳಲ್ಲಿ ಕಾಫಿ ತೋಟಗಳ ನಡುವೆ ಕಾಡಾನೆಗಳ ಸಂಚಾರವಿದ್ದು, ಜನರೂ ಆನೆಗಳೂ ಪ್ರಾಣ ಕಳೆದುಕೊಂಡಿರುವ ಪ್ರದೇಶವಿದು. ಪಾಳ್ಯದ ಒಳರಸ್ತೆಗಳಲ್ಲಿ ಮುಂಜಾನೆ ಮತ್ತು ಸಂಜೆಯ ನಂತರ ನಡೆದು ಸುತ್ತುವುದನ್ನು ಬಿಡಬೇಕು. ಆ ದಿನ ಆನೆಗಳು ಯಾವ ತೋಟದಲ್ಲಿವೆ ಎಂಬುದು ಸ್ಥಳೀಯರಿಗೆ ತಿಳಿದಿರುತ್ತದೆ. ಹೊರಡುವ ಮುನ್ನ ಅವರನ್ನು ಕೇಳುವುದು ಇಲ್ಲಿನ ರೂಢಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ೫೫ ಕಿ.ಮೀ. ಘಟ್ಟದ ರೈಲುಮಾರ್ಗದಲ್ಲಿ ೫೭ ಸುರಂಗಗಳೂ ೧೦೯ ಸೇತುವೆಗಳೂ ಇವೆ. ಹಳಿಗಳ ಮೇಲೆ ಚಾರಣ ಮಾಡುವುದನ್ನು ನಿಷೇಧಿಸಲಾಗಿದೆ. ಹಗಲಿನ ರೈಲಿನಲ್ಲಿ ಕುಳಿತು ಸುರಂಗಗಳನ್ನು ಎಣಿಸಬಹುದು. ಎಣಿಕೆ ಸಾಮಾನ್ಯವಾಗಿ ೩೦ರ ಆಸುಪಾಸಿನಲ್ಲಿ ತಪ್ಪುತ್ತದೆ.