ವೇಗ ದೊಡ್ಡದೋ, ಎಳೆತ ದೊಡ್ಡದೋ?

ರಾಕ್ ಗಿಟಾರಿನಲ್ಲಿ ದೊಡ್ಡವರು ಯಾರು ಅಂದ ಕೂಡಲೇ ವಾದ ಶುರುವಾಗುತ್ತದೆ: ಬೆರಳಿನ ವೇಗವೋ, ಮನಸ್ಸು ಕಲಕುವ ಸ್ವರವೋ? 1978ರ ಗಿಟಾರ್ ತುಣುಕು ‘ಇರಪ್ಷನ್’ ಕೇಳಿ. ಎರಡು ನಿಮಿಷವೂ ಇಲ್ಲದ ಆ ತುಣುಕಿನ ಕೊನೆಯಲ್ಲಿ ಎಡ್ಡಿ ವ್ಯಾನ್ ಹೇಲನ್ ಬಲಗೈ ಬೆರಳಿನಿಂದಲೂ ತಂತಿಯನ್ನು ಫ್ರೆಟ್ ಮೇಲೆ ಬಡಿದು ಸ್ವರಗಳ ಸುರಿಮಳೆ ಸುರಿಸುತ್ತಾರೆ. ಮರುವರ್ಷದ ‘ಕಂಫರ್ಟಬ್ಲಿ ನಂಬ್’ ಹಾಡಿನಲ್ಲಿ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ತಂತಿಯನ್ನು ಅಡ್ಡಕ್ಕೆ ಎಳೆದು, ಅದು ಮೇಲಿನ ಸ್ವರ ಮುಟ್ಟುವ ತನಕ ನಮ್ಮನ್ನು ಕಾಯಿಸುತ್ತಾರೆ. ಎದೆಗೆ ತಾಕುವುದು ಈ ಎರಡನೆಯದೇ. ಮಲ್ದಕಲ್, ಗದ್ವಾಲ್, ರಾಯಚೂರು ಸೀಮೆಯ ಕಿವಿಗೆ ಇದು ಹೊಸದೇನಲ್ಲ. ಆ ಸೀಮೆಯ ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ದಾಸರ ಪದಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮಾಡುವ ಕೆಲಸವೂ ಇದೇ: ಭಾವ ಹುಟ್ಟುವುದು ಎರಡು ಸ್ವರಗಳ ನಡುವಿನ ದಾರಿಯಲ್ಲಿ.

ಹಾಗಾದರೆ ವೇಗ ಬರೀ ಕಸರತ್ತೇ? ಅಲ್ಲ. ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರ ತಾನ್‌ಗಳು ಎಷ್ಟು ಬಿರುಸಾದರೂ ಕಣ್ಣು ಒದ್ದೆ ಮಾಡುತ್ತವೆ, ಯಾಕೆಂದರೆ ಅದಕ್ಕೂ ಮುಂಚೆ ನಿಧಾನ ಲಯದ ವಿಲಂಬಿತದಲ್ಲಿ ಅವರು ರಾಗವನ್ನು ಒಂದೊಂದೇ ಸ್ವರವಾಗಿ ಬಿಚ್ಚಿಟ್ಟಿರುತ್ತಾರೆ. ವೇಗಕ್ಕೆ ಅಂಥ ತಳಪಾಯ ಬೇಕು. ರಾಕ್ ಅಂದರೆ ಗದ್ದಲ ಅನ್ನುವವರು ‘ಕಂಫರ್ಟಬ್ಲಿ ನಂಬ್’ನ ಕೊನೆಯಲ್ಲಿ ಬರುವ ಗಿಲ್ಮೋರ್ ಅವರ ಸೋಲೋ ಒಂದನ್ನು ಹೆಡ್‌ಫೋನ್ ಹಾಕಿ ಕೇಳಿ. ಪ್ರತಿ ಸ್ವರ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಹಿಂಬಾಲಿಸಿ.