ಹೊಸ ಮಣೆಯಾಟಗಳು ಮನೆಯ ಆಟಗಳಾಗುವವೇ?

ಮನೆಮಂದಿಯೆಲ್ಲ ಸೇರಿ ಆಡುವ ಆಟಗಳ ಪಟ್ಟಿ ಬಹಳ ನಿಧಾನವಾಗಿ ಬದಲಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆಗಳ ಜೊತೆಗೆ ಇಪ್ಪತ್ತನೆಯ ಶತಮಾನದಲ್ಲಿ ಕೇರಂ, ಲೂಡೊ ಮತ್ತು ‘ಬಿಸಿನೆಸ್’ ಸೇರಿಕೊಂಡವು. ಪಶ್ಚಿಮದ ದೇಶಗಳಲ್ಲಿ 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮಾರುಕಟ್ಟೆಗೆ ತಂದ ಮೊನಾಪಲಿ ಮತ್ತು 1948ರಲ್ಲಿ ಇಂದಿನ ಹೆಸರು ಪಡೆದ ಸ್ಕ್ರ್ಯಾಬಲ್ ಈಗಲೂ ಹಬ್ಬದ ರಜೆಯ ಆಟಗಳಾಗಿ ಉಳಿದಿವೆ. ಕಳೆದ ಮೂರು ದಶಕಗಳಲ್ಲಿ ಇವುಗಳಿಗಿಂತ ಹೆಚ್ಚು ಜಾಣತನದಿಂದ ರೂಪಿಸಿದ ಸಾವಿರಾರು ಮಣೆಯಾಟಗಳು ಬಂದಿವೆ. ಅವುಗಳಲ್ಲಿ ಯಾವುದಾದರೂ ಹವ್ಯಾಸಿಗಳ ಕೂಟವನ್ನು ದಾಟಿ, ಅಜ್ಜಿಯಿಂದ ಮೊಮ್ಮಗಳಿಗೆ ಕೈದಾಟುವ ಆಟವಾಗಬಲ್ಲುದೇ ಎಂಬುದು ಗಂಭೀರವಾಗಿ ಕೇಳಬೇಕಾದ ಪ್ರಶ್ನೆ.

ಈ ಹೊಸ ಪೀಳಿಗೆಯ ಆಟಗಳ ತವರು ಮುಖ್ಯವಾಗಿ ಜರ್ಮನಿ. ಅಲ್ಲಿನ ಆಟಗಳ ವಿಮರ್ಶಕರು 1979ರಿಂದ ಪ್ರತಿವರ್ಷ ಒಂದು ಆಟವನ್ನು ಆರಿಸಿ ‘ಸ್ಪೀಲ್ ಡೆಸ್ ಯಾರೆಸ್’, ಅಂದರೆ ‘ವರ್ಷದ ಆಟ’ ಎಂಬ ಪ್ರಶಸ್ತಿ ಕೊಡುತ್ತ ಬಂದಿದ್ದಾರೆ. ಪ್ರಶಸ್ತಿಯೊಂದಿಗೆ ಹಣವಿಲ್ಲ, ಆದರೆ ಅದರ ಕೆಂಪು ಗುರುತು ಪೆಟ್ಟಿಗೆಯ ಮೇಲೆ ಬಿದ್ದರೆ ಮಾರಾಟ ಹಲವು ಪಟ್ಟು ಏರುತ್ತದೆ. ದಂತ ತಂತ್ರಜ್ಞರಾಗಿ ದುಡಿಯುತ್ತಿದ್ದ ಕ್ಲಾಸ್ ಟಾಯ್ಬರ್ ಅವರು ರೂಪಿಸಿದ ‘ಕಟಾನ್’ 1995ರಲ್ಲಿ ಈ ಪ್ರಶಸ್ತಿ ಪಡೆಯಿತು, ಮತ್ತು ಮುಂದೆ ಹತ್ತಾರು ಭಾಷೆಗಳಲ್ಲಿ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾಗಿ ಈ ಬಗೆಯ ಆಟಗಳಿಗೆ ಜಗತ್ತಿನ ಬಾಗಿಲು ತೆರೆಯಿತು.

ಕಟಾನ್ ಆಟದ ಒಂದು ಸರದಿಯನ್ನು ಹತ್ತಿರದಿಂದ ನೋಡಿದರೆ ಹಳೆಯ ಆಟಗಳಿಗೂ ಇದಕ್ಕೂ ಇರುವ ಅಂತರ ತಿಳಿಯುತ್ತದೆ. ಆರು ಮೂಲೆಯ 19 ತುಂಡುಗಳನ್ನು ಜೋಡಿಸಿದಾಗ ಒಂದು ದ್ವೀಪವಾಗುತ್ತದೆ. ಕಾಡಿನ ತುಂಡು ಮರವನ್ನೂ ಹುಲ್ಲುಗಾವಲು ಕುರಿಯನ್ನೂ ಗದ್ದೆ ಧಾನ್ಯವನ್ನೂ ಕೊಡುತ್ತದೆ, ಉಳಿದವು ಇಟ್ಟಿಗೆ ಮತ್ತು ಅದಿರನ್ನು ಕೊಡುತ್ತವೆ, ಒಂದು ಮಾತ್ರ ಏನನ್ನೂ ಕೊಡದ ಮರುಭೂಮಿ. ಮರುಭೂಮಿಯನ್ನು ಬಿಟ್ಟು ಪ್ರತಿ ತುಂಡಿನ ಮೇಲೆ ಒಂದು ಸಂಖ್ಯೆಯ ಬಿಲ್ಲೆ ಇರುತ್ತದೆ. ಎರಡು ದಾಳಗಳ ಮೊತ್ತ ಯಾವ ಸಂಖ್ಯೆಯೋ ಆ ಸಂಖ್ಯೆಯ ತುಂಡಿನ ಮೂಲೆಯಲ್ಲಿ ಮನೆ ಕಟ್ಟಿಕೊಂಡವರೆಲ್ಲರಿಗೂ, ದಾಳ ಉರುಳಿಸಿದವರು ಯಾರೇ ಆಗಿರಲಿ, ಆ ಸರಕು ದೊರೆಯುತ್ತದೆ. ಎರಡು ದಾಳಗಳು ಬೀಳಬಹುದಾದ 36 ಬಗೆಗಳಲ್ಲಿ 6 ಮತ್ತು 8 ತಲಾ ಐದು ಸಲ ಬರುತ್ತವೆ, 2 ಮತ್ತು 12 ಒಂದೊಂದೇ ಸಲ. ಆದ್ದರಿಂದ ಮನೆಯನ್ನು ಎಲ್ಲಿ ಕಟ್ಟಬೇಕೆಂಬ ಮೊದಲ ತೀರ್ಮಾನದಲ್ಲೇ ಲೆಕ್ಕಾಚಾರ ಶುರುವಾಗುತ್ತದೆ. ಅನಂತರ ಬರುವುದು ಚೌಕಾಸಿ: ಎರಡು ಕುರಿ ಕೊಟ್ಟು ಒಂದು ಇಟ್ಟಿಗೆ ಕೇಳುವುದು, ಎದುರಿನವರು ಒಪ್ಪದಿದ್ದರೆ ಇನ್ನೊಬ್ಬರತ್ತ ತಿರುಗುವುದು. ಮೊದಲು 10 ಅಂಕ ಗಳಿಸಿದವರು ಗೆಲ್ಲುತ್ತಾರೆ, ಅಲ್ಲಿಯವರೆಗೆ ಯಾರೂ ಆಟದಿಂದ ಹೊರಬೀಳುವುದಿಲ್ಲ. ಮೊನಾಪಲಿಯಲ್ಲಿ ದಿವಾಳಿಯಾದ ಮಗು ಉಳಿದವರ ಆಟ ಮುಗಿಯುವ ತನಕ ಸುಮ್ಮನೆ ಕೂತಿರಬೇಕಾಗುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಸುಧಾರಣೆಯಲ್ಲ.

ಹಾಗಿದ್ದರೂ ಗುಣವೊಂದರಿಂದಲೇ ಯಾವ ಆಟವೂ ಮನೆಮಾತಾಗಿಲ್ಲ. ಮನೆಯ ಆಟ ಎನಿಸಿಕೊಂಡಿರುವ ಪ್ರತಿಯೊಂದನ್ನೂ ಜನ ಓದಿ ಕಲಿತದ್ದಲ್ಲ, ಆಡುವವರ ಪಕ್ಕದಲ್ಲಿ ಕೂತು ಕಲಿತದ್ದು. ಚೌಕಾಬಾರಕ್ಕೆ ನಿಯಮಪುಸ್ತಕವೆಂಬುದು ಎಂದೂ ಇರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಐದು ಸಾಲು ಐದು ಕಂಬದ ಮನೆಗಳನ್ನು ಎಳೆದು, ನಾಲ್ಕು ಕವಡೆ ಮತ್ತು ಒಬ್ಬೊಬ್ಬರಿಗೆ ನಾಲ್ಕು ಕಾಯಿ ಇಟ್ಟುಕೊಂಡರೆ ಸಾಕು, ಕವಡೆಗಳೆಲ್ಲ ಒಂದೇ ಬಗೆಯಾಗಿ ಬಿದ್ದರೆ ಚೌಕ ಅಥವಾ ಬಾರ, ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದೆಲ್ಲ ಆಡುತ್ತ ಆಡುತ್ತ ತಿಳಿಯುತ್ತದೆ. ಊರಿಂದ ಊರಿಗೆ ಕಟ್ಟಳೆಗಳು ತುಸು ಬೇರೆಯಾದರೂ ಆಟಕ್ಕೆ ಭಂಗವಿಲ್ಲ. ಮುದ್ರಿತ ನಿಯಮಗಳಿರುವ ಮೊನಾಪಲಿಯ ಕಥೆಯೂ ಇದೇ. ಅದರ ಮಣೆಯಲ್ಲಿ ‘ಫ್ರೀ ಪಾರ್ಕಿಂಗ್’ ಎಂಬ ಮನೆಗೆ ಬಂದವರಿಗೆ ಏನೂ ಸಿಗುವುದಿಲ್ಲ ಎಂಬುದು ನಿಯಮ, ಆದರೆ ದಂಡದ ಹಣವನ್ನೆಲ್ಲ ಅಲ್ಲಿ ರಾಶಿ ಹಾಕಿ, ಬಂದವರಿಗೆ ಕೊಡುವ ಪದ್ಧತಿಯನ್ನು ಅಸಂಖ್ಯಾತ ಕುಟುಂಬಗಳು ತಾವೇ ಹುಟ್ಟುಹಾಕಿಕೊಂಡಿವೆ. ಕೊಳ್ಳಲೊಲ್ಲದ ಜಾಗವನ್ನು ಹರಾಜು ಹಾಕಬೇಕೆಂಬ ನಿಯಮ ಹಲವು ಮನೆಗಳಿಗೆ ಗೊತ್ತೇ ಇಲ್ಲ. ಈ ಬದಲಾವಣೆಗಳಿಂದ ಆಟ ಹದಗೆಟ್ಟು ಲಂಬಿಸುತ್ತದೆ ಎಂದು ಬಲ್ಲವರು ಹೇಳುವುದು ನಿಜವೇ. ಆದರೆ ತಪ್ಪಾಗಿ ಕಲಿತರೂ ಆಡಲು ಬರುವಷ್ಟು ಗಟ್ಟಿಯಾದ ಆಟ ಮಾತ್ರ ತಲೆಮಾರುಗಳನ್ನು ದಾಟುತ್ತದೆ, ಮತ್ತು ಹೊಸ ಆಟಗಳಲ್ಲಿ ಬಹುಪಾಲು ಸೋಲುವುದು ಈ ಪರೀಕ್ಷೆಯಲ್ಲೇ. ಅವುಗಳ ಒಂದು ಕಟ್ಟಳೆ ತಪ್ಪಿದರೂ ಸೂಕ್ಷ್ಮವಾಗಿ ಹೊಂದಿಸಿದ ಲೆಕ್ಕವೆಲ್ಲ ಕುಸಿಯುತ್ತದೆ.

ಹವ್ಯಾಸಿಗಳ ಲೋಕದ ನಡೆ ಇದಕ್ಕೆ ಇನ್ನೊಂದು ಅಡ್ಡಿ. ಜರ್ಮನಿಯ ಎಸ್ಸೆನ್ ನಗರದ ವಾರ್ಷಿಕ ಮೇಳದಲ್ಲಿ ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಹೊರಬರುತ್ತವೆ. ಕಟ್ಟಾ ಹವ್ಯಾಸಿ ಒಂದು ಆಟವನ್ನು ನಾಲ್ಕಾರು ಸಲ ಆಡಿ ಮುಂದಿನದಕ್ಕೆ ಹೋಗುತ್ತಾನೆ, ಕುಟುಂಬವಾದರೋ ಒಂದೇ ಪೆಟ್ಟಿಗೆಯನ್ನು ಇಪ್ಪತ್ತು ವರ್ಷ ಬಳಸುತ್ತದೆ. ಪ್ರಶಸ್ತಿಯ ತೀರ್ಪುಗಾರರಿಗೂ ಈ ಬಿರುಕು ಕಂಡಿರಬೇಕು: 2011ರಿಂದ ಅವರು ಅನುಭವಿ ಆಟಗಾರರ ಆಟಗಳಿಗೆ ಬೇರೆಯೇ ಪ್ರಶಸ್ತಿಯನ್ನಿಟ್ಟು, ಮೂಲ ಪ್ರಶಸ್ತಿಯನ್ನು ಮನೆಮಂದಿಯ ಆಟಗಳಿಗೆ ಉಳಿಸಿಕೊಂಡಿದ್ದಾರೆ.

ಭಾರತದ ಓದುಗರಿಗೆ ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನಗರಗಳ ಅನೇಕ ಮಧ್ಯಮವರ್ಗದ ಮನೆಗಳಲ್ಲಿ ಈಗಾಗಲೇ ನೆಲೆಯೂರಿರುವ ‘ಸ್ಕಾಟ್ಲೆಂಡ್ ಯಾರ್ಡ್’ 1983ರ ‘ವರ್ಷದ ಆಟ’; ಜರ್ಮನಿಯ ರಾವೆನ್ಸ್‌ಬರ್ಗರ್ ಸಂಸ್ಥೆಯ ಈ ಆಟವನ್ನು ಇಲ್ಲಿ ಫನ್‌ಸ್ಕೂಲ್ ಕಂಪನಿ ತಯಾರಿಸಿ ಆಟಿಕೆ ಅಂಗಡಿಗಳಿಗೆ ತಲುಪಿಸಿತು. ಲಂಡನ್ ನಕ್ಷೆಯ ಮೇಲೆ ಒಬ್ಬರು ಕಾಣದಂತೆ ಓಡುವ ‘ಮಿಸ್ಟರ್ ಎಕ್ಸ್’, ಉಳಿದವರೆಲ್ಲ ಒಂದಾಗಿ ಹಿಡಿಯಲು ಹೊರಟ ಪತ್ತೇದಾರರು. ಎಕ್ಸ್ ಹಿಡಿದ ವಾಹನ ಟ್ಯಾಕ್ಸಿಯೋ ಬಸ್ಸೋ ಎಂಬುದಷ್ಟೇ ಉಳಿದವರಿಗೆ ಗೊತ್ತು, ಇರುವ ಜಾಗ ಕೆಲವು ನಡೆಗಳ ನಂತರ ಮಾತ್ರ ಬಯಲಾಗುತ್ತದೆ. ಕಳ್ಳ-ಪೊಲೀಸ್ ಆಡಿದ ಯಾವ ಮಗುವಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದು ಹವ್ಯಾಸಿಗಳ ಆಟ ಎಂದು ಯಾರೂ ಹಣೆಪಟ್ಟಿ ಹಚ್ಚದಿದ್ದ ಕಾಲದಲ್ಲಿ, ಕೈಗೆಟುಕುವ ಬೆಲೆಯಲ್ಲಿ, ಮಾಮೂಲಿ ಅಂಗಡಿಯಲ್ಲಿ ದೊರೆತದ್ದರಿಂದ ಈ ಆಟ ಮನೆಯೊಳಗೆ ಬಂತು. ಇಂದು ಆಮದಾಗುವ ಆಟಗಳ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಕೊಡಬೇಕಾಗಿರುವಾಗ, ಅವು ಬೆಂಗಳೂರಿನಂಥ ನಗರದ ಯುವಕರ ವಾರಾಂತ್ಯದ ಕೂಟಗಳಲ್ಲೇ ಉಳಿದುಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಹೊಸ ಆಟಗಳಲ್ಲಿ ಯಾವುದಕ್ಕೆ ಆ ಯೋಗವಿದೆ? ಕಟಾನ್‌ಗೆ ಕನಿಷ್ಠ ಮೂವರು ಬೇಕು, ಚೌಕಾಸಿಗೆ ಹಿಂಜರಿಯುವವರು ಅದರಲ್ಲಿ ಹಿಂದೆ ಬೀಳುತ್ತಾರೆ. ಅದು ಜರ್ಮನಿಯಲ್ಲಿ ಮನೆಯ ಆಟವಾಗಿದ್ದರೂ ಎಲ್ಲೆಡೆ ಆಗುವುದು ಕಷ್ಟ. ಅಲನ್ ಮೂನ್ ರೂಪಿಸಿದ, 2004ರಲ್ಲಿ ಇದೇ ಪ್ರಶಸ್ತಿ ಪಡೆದ ‘ಟಿಕೆಟ್ ಟು ರೈಡ್’ ಆಟಕ್ಕೆ ಹೆಚ್ಚಿನ ಅವಕಾಶವಿದೆ. ಅದರಲ್ಲಿ ಸರದಿ ಬಂದಾಗ ಮಾಡಬಹುದಾದದ್ದು ಮೂರೇ: ಬಣ್ಣದ ಎಲೆಗಳನ್ನು ಎತ್ತಿಕೊಳ್ಳುವುದು, ಒಂದೇ ಬಣ್ಣದ ಎಲೆಗಳನ್ನು ಕೊಟ್ಟು ಎರಡು ಊರುಗಳ ನಡುವಿನ ರೈಲುಮಾರ್ಗವನ್ನು ತನ್ನದಾಗಿಸಿಕೊಳ್ಳುವುದು, ಅಥವಾ ತಲುಪಬೇಕಾದ ಊರುಗಳ ಹೊಸ ಚೀಟಿ ತೆಗೆದುಕೊಳ್ಳುವುದು. ರಮ್ಮಿ ಬಲ್ಲ ಮನೆಗೆ ಇದು ಅರ್ಧ ಕಲಿತ ಆಟವೇ. 1911ರ ಭಾರತದ ರೈಲುದಾರಿಗಳ ನಕ್ಷೆಯೂ ಇದಕ್ಕೆ ಬಂದಿದೆ. 2001ರ ಪ್ರಶಸ್ತಿ ಗೆದ್ದ ‘ಕಾರ್ಕಸೋನ್’ ಆಟದ 72 ಚೌಕಗಳ ಮೇಲಂತೂ ಓದಬೇಕಾದ ಒಂದಕ್ಷರವೂ ಇಲ್ಲ, ಕೋಟೆ, ದಾರಿ, ಹೊಲಗಳ ಚಿತ್ರಗಳನ್ನು ಅಂಚಿಗೆ ಅಂಚು ಹೊಂದಿಸಿ ಇಡುತ್ತ ಹೋಗುವುದಷ್ಟೇ ಕೆಲಸವಾದ್ದರಿಂದ, ಕನ್ನಡವೊಂದನ್ನೇ ಬಲ್ಲವರೂ ಏನನ್ನೂ ಓದಲು ಬಾರದ ಮಗುವೂ ಒಂದೇ ಚಾಪೆಯ ಮೇಲೆ ಸಮನಾಗಿ ಆಡಬಹುದು. ಅದರಲ್ಲಿ ತೊಡಕಿನದೆಂದರೆ ಹೊಲದಲ್ಲಿ ಮಲಗಿಸಿದ ರೈತರ ಅಂಕದ ಲೆಕ್ಕ. ಆಟ ಕಲಿಯುವ ಮನೆಗಳು ಆ ಲೆಕ್ಕವನ್ನು ಮೊದಲ ದಿನವೇ ಕೈಬಿಟ್ಟರೂ ಉಳಿದ ಆಟ ಸರಾಗವಾಗಿ ನಡೆಯುತ್ತದೆ.